ಕಿರಿಯ ಅಲೆಯ ಹಿರಿಮೆ

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬುದು ಕನ್ನಡ ನಾಡಿನ ಮನೆಮನೆಯ ಮಾತು. ಈ ಮಾತು ಮನುಷ್ಯರಿಗೆ ಸಲ್ಲುವಂತೆ ಪ್ರಕೃತಿಯ ಕೆಲವು ಶಕ್ತಿಗಳಿಗೂ ಸಲ್ಲುತ್ತದೆ. ಕಣ್ಣಿಗೆ ಕಾಣದ, ಕಿವಿಗೆ ಕೇಳದ, ಒಂದು ಮರದ ಎಲೆ ಅಡ್ಡ ಬಂದರೂ ಸೊರಗಿಹೋಗುವ ಒಂದು ಬಗೆಯ ಅಲೆಯುಂಟು. ಅದರ ಉದ್ದ ಒಂದು ಮಿಲಿಮೀಟರಿನಿಂದ ಹತ್ತು ಮಿಲಿಮೀಟರಿನವರೆಗೆ. 'ಮಿಲಿ' ಎಂಬ ಶಬ್ದ ಸಾವಿರ ಎಂಬರ್ಥದ ಲ್ಯಾಟಿನ್ ಮೂಲದಿಂದ ಬಂದುದು. ಆದುದರಿಂದ ಮಿಲಿಮೀಟರೆಂದರೆ ಮೀಟರಿನ ಸಹಸ್ರಾಂಶ. ಭಾರತದ ಪ್ರಾಚೀನ ಮಾನದಲ್ಲಿ ಎಂಟು ಯವಗಳು ಕೂಡಿದರೆ ಒಂದು ಅಂಗುಲ. ಯವವೆಂದರೆ ಜವೆಗೋಧಿಯ ಕಾಳಿನ ನಡುವಿನ ಅಗಲ. ಈ ಲೆಕ್ಕದಿಂದ ನೋಡಿದರೆ ಆ ಅಲೆಗಳ ಮನೆತನದಲ್ಲಿ ಅತಿ ಕಿರಿದು ಅರ್ಧ ಯವ, ಅತಿ ಹಿರಿದು ಅರ್ಧ ಅಂಗುಲ. ಇಷ್ಟು ಕಿರಿಯ ಅಲೆ ಇಂದು ಮೋಡದ ಒಡಲನ್ನು ಶೋಧಿಸುತ್ತಿದೆ, ಓಡುವ ಕಾರಿಗೆ ಕಣ್ಣಾಗಿದೆ, ಕೋಟ್ಯಂತರ ಜ್ಯೋತಿರ್ವರ್ಷಗಳಾಚೆಯ ಕಪ್ಪುಕುಳಿಯ ನೆರಳನ್ನು ಮನುಷ್ಯನಿಗೆ ತೋರಿಸಿದೆ. ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದುಂಟು. ಈ ಅಲೆಯನ್ನು ಮೊತ್ತಮೊದಲು ಪಳಗಿಸಿ ಕೆಲಸಕ್ಕೆ ಹಚ್ಚಿದ್ದು ಲಂಡನ್ನಿನಲ್ಲಿಯೂ ಅಲ್ಲ, ಬರ್ಲಿನ್ನಿನಲ್ಲಿಯೂ ಅಲ್ಲ. ಕಲ್ಕತ್ತೆಯ ಕಾಲೇಜೊಂದರ ಸ್ನಾನಗೃಹದ ಪಕ್ಕದ ಇಕ್ಕಟ್ಟಾದ ಕೋಣೆಯಲ್ಲಿ.

ವಿಜ್ಞಾನದ ಪರಿಚಯ ಅಷ್ಟಾಗಿ ಇಲ್ಲದ ವಾಚಕರಿಗಾಗಿ ಒಂದು ಮಾತು. ಆಕಾಶವಾಣಿಯ ಧ್ವನಿಯನ್ನು ಹೊತ್ತು ತರುವ ಅಲೆಯೂ, ಸೂರ್ಯನ ಬೆಳಕೂ, ವೈದ್ಯರು ಎಲುಬನ್ನು ನೋಡುವ ಕ್ಷಕಿರಣವೂ ಒಂದೇ ಕುಲಕ್ಕೆ ಸೇರಿದ ವಿದ್ಯುತ್ಕಾಂತ ತರಂಗಗಳು. ಅವುಗಳ ವೇಗ ಒಂದೇ. ಭೇದವಿರುವುದು ಅಲೆಯ ಉದ್ದದಲ್ಲಿ. ಬೆಂಗಳೂರು ಆಕಾಶವಾಣಿಯನ್ನು ಹಲವು ತಲೆಮಾರುಗಳು 612 ಕಿಲೋಹರ್ಟ್ಸ್ ಮಧ್ಯಮ ತರಂಗದಲ್ಲಿ ಕೇಳಿದವು. ಅದರ ಒಂದೊಂದು ಅಲೆಯ ಉದ್ದ 490 ಮೀಟರು. ಕಣ್ಣು ಕಾಣುವ ಬೆಳಕಿನ ಅಲೆಯಾದರೋ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಿರಿದು. ಇವೆರಡರ ನಡುವೆ, ರೇಡಿಯೋ ಸೀಮೆಯ ಕೊನೆಯ ಊರಿನಲ್ಲಿ, ಮಿಲಿಮೀಟರ್ ಅಲೆಗಳ ವಾಸ. ಸೆಕೆಂಡಿಗೆ ಮೂರು ಸಾವಿರ ಕೋಟಿಯಿಂದ ಮೂವತ್ತು ಸಾವಿರ ಕೋಟಿ ಸಲ ಕಂಪಿಸುವ ಈ ಅಲೆಗಳ ಆವೃತ್ತಿಯನ್ನು ಶಾಸ್ತ್ರಜ್ಞರು 30ರಿಂದ 300 ಗಿಗಾಹರ್ಟ್ಸ್ ಎಂದು ಹೇಳುತ್ತಾರೆ.

ಉದ್ದನೆಯ ಅಲೆ ಆನೆಯಂತೆ. ಗಿಡಗಂಟೆ ಅಡ್ಡಬಂದರೆ ಅದು ಲೆಕ್ಕಿಸದು. ಗುಡ್ಡವನ್ನು ಬಳಸಿಕೊಂಡು ಮುಂದೆ ಸಾಗುತ್ತದೆ. ಅಲೆ ಕಿರಿದಾದಂತೆಲ್ಲ ಅದರ ನಡೆ ಬೆಳಕಿನ ನಡೆಯನ್ನು ಹೋಲುತ್ತದೆ. ಅದು ನೇರವಾಗಿ ಹೋಗಬಲ್ಲದು, ಹೊರಳಲಾರದು. ಗೋಡೆ ಎದುರಾದರೆ ನಿಲ್ಲುತ್ತದೆ, ಮಳೆ ಬಂದರೆ ಕುಗ್ಗುತ್ತದೆ. ಗಾಳಿಯಲ್ಲಿರುವ ನೀರಾವಿಯೂ ಆಮ್ಲಜನಕವೂ ಅದನ್ನು ಕುಡಿದುಬಿಡುತ್ತವೆ. ದೂರದೇಶಕ್ಕೆ ಸುದ್ದಿ ಕಳುಹಿಸಬೇಕೆಂದು ಹೊರಟವನು ಈ ಗುಣಗಳನ್ನು ಕಂಡರೆ ಇದು ಕೆಲಸಕ್ಕೆ ಬಾರದ ಅಲೆಯೆಂದು ಕೈಬಿಡುವುದು ಸಹಜ. ಹಾಗೆ ಕೈಬಿಟ್ಟದ್ದೂ ಉಂಟು. ದೋಷವೆಂದು ಎಣಿಸಿದ್ದು ಗುಣವಾಗಿ ಪರಿಣಮಿಸಿದ ಕಥೆಯೇ ಈ ಅಲೆಯ ಚರಿತ್ರೆ.

ಆ ಚರಿತ್ರೆಯ ಮೊದಲ ಅಧ್ಯಾಯಕ್ಕೆ ನಾಯಕರು ಆಚಾರ್ಯ ಜಗದೀಶಚಂದ್ರ ಬೋಸರು. 1858ರ ನವೆಂಬರ್ 30ರಂದು, ಇಂದು ಬಾಂಗ್ಲಾದೇಶಕ್ಕೆ ಸೇರಿದ ಪೂರ್ವ ಬಂಗಾಳದಲ್ಲಿ ಅವರ ಜನನವಾಯಿತು. ತಂದೆ ಭಗವಾನ್‌ಚಂದ್ರ ಬೋಸರು ಸರ್ಕಾರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟರು. ಅಂಥ ಅಧಿಕಾರಿಗಳ ಮಕ್ಕಳು ಆಂಗ್ಲ ಶಾಲೆಗೆ ಹೋಗುವುದೇ ಅಂದಿನ ಪದ್ಧತಿ. ಭಗವಾನ್‌ಚಂದ್ರರು ಮಾತ್ರ, ಪರಭಾಷೆಯನ್ನು ಕಲಿಯುವ ಮೊದಲು ಹುಡುಗ ತನ್ನ ಮಾತೃಭಾಷೆಯನ್ನೂ ತನ್ನ ಜನರನ್ನೂ ಅರಿಯಬೇಕೆಂದು ಮಗನನ್ನು ಬಂಗಾಳಿ ಪಾಠಶಾಲೆಗೆ ಸೇರಿಸಿದರು. ಅಲ್ಲಿ ಬಾಲಕನ ಬಲಗಡೆಗೆ ತಂದೆಯ ಮುಸಲ್ಮಾನ ಜವಾನನ ಮಗ, ಎಡಗಡೆಗೆ ಬೆಸ್ತರ ಮಗ. ಹಕ್ಕಿಗಳ, ಮಿಗಗಳ, ನೀರಿನ ಜೀವಿಗಳ ಕಥೆಗಳನ್ನು ಅವರ ಬಾಯಿಂದ ಮೈಮರೆತು ಕೇಳಿದುದನ್ನೂ, ಪ್ರಕೃತಿಯ ಗುಟ್ಟನ್ನರಿಯುವ ಆಸೆ ತಮ್ಮಲ್ಲಿ ಮೊಳೆತದ್ದು ಅಲ್ಲಿಯೇ ಎಂಬುದನ್ನೂ 1915ರಲ್ಲಿ ವಿಕ್ರಮಪುರದ ಸಭೆಯಲ್ಲಿ ಬೋಸರು ನೆನೆದರು. ಗೆಳೆಯರೊಡನೆ ಮನೆಗೆ ಬಂದಾಗ ತಾಯಿ ಎಲ್ಲರಿಗೂ ಭೇದವೆಣಿಸದೆ ಉಣಬಡಿಸುತ್ತಿದ್ದುದನ್ನು ಹೇಳಲೂ ಅವರು ಮರೆಯಲಿಲ್ಲ. ಲೋಕವಿಖ್ಯಾತ ವಿಜ್ಞಾನಿಯೊಬ್ಬರ ಮೊದಲ ಗುರುಗಳ ಸಾಲಿನಲ್ಲಿ ಬೆಸ್ತರ ಮಗನೊಬ್ಬ ಕುಳಿತಿದ್ದನೆಂಬುದು ಶಿಕ್ಷಕರಾದವರೆಲ್ಲರೂ ನೆನಪಿನಲ್ಲಿಡಬೇಕಾದ ಸಂಗತಿ.

ಮುಂದೆ ಕಲ್ಕತ್ತೆಯ ಸೇಂಟ್ ಝೇವಿಯರ್ ಕಾಲೇಜು, ಅಲ್ಲಿ ಭೌತವಿಜ್ಞಾನದ ರುಚಿ ಹತ್ತಿಸಿದ ಫಾದರ್ ಲಾಫಾಂ, ಆಮೇಲೆ ಇಂಗ್ಲೆಂಡು. ವೈದ್ಯವಿದ್ಯೆಗೆಂದು ಹೋದವರು ಅನಾರೋಗ್ಯದಿಂದ ಅದನ್ನು ಬಿಟ್ಟು ಕೇಂಬ್ರಿಜ್ಜಿನಲ್ಲಿ ಲಾರ್ಡ್ ರ‍್ಯಾಲೆಯವರ ಶಿಷ್ಯರಾದರು. 1885ರಲ್ಲಿ ಹಿಂದಿರುಗಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾದರು. ಅಂದಿನ ಸರ್ಕಾರದ ನಿಯಮ ವಿಚಿತ್ರವಾದುದು. ಒಂದೇ ಕೆಲಸಕ್ಕೆ ಐರೋಪ್ಯನಿಗೆ ಪೂರ್ಣ ವೇತನ, ಭಾರತೀಯನಿಗೆ ಅದರ ಮೂರನೆಯ ಎರಡು ಪಾಲು. ಬೋಸರ ನೇಮಕ ತಾತ್ಕಾಲಿಕವೆಂಬ ಕಾರಣಕ್ಕೆ ಅದರಲ್ಲಿಯೂ ಅರ್ಧ ಕಡಿತ. ಅವರು ಕೂಗಾಡಲಿಲ್ಲ, ಕೆಲಸವನ್ನು ಬಿಡಲೂ ಇಲ್ಲ. ಮೂರು ವರ್ಷಗಳ ಕಾಲ ಒಂದು ಕಾಸನ್ನೂ ಮುಟ್ಟದೆ ಶ್ರದ್ಧೆಯಿಂದ ಪಾಠ ಹೇಳಿದರು. ಮನೆಯ ಮೇಲೆ ಸಾಲದ ಹೊರೆಯಿದ್ದ ಕಾಲವದು. ಕೊನೆಗೆ ಸರ್ಕಾರವೇ ಮಣಿದು, ಸೇರಿದ ದಿನದಿಂದ ಲೆಕ್ಕ ಹಾಕಿ ಪೂರ್ಣ ವೇತನವನ್ನು ಕೊಟ್ಟಿತು. ಪಾಠ ನಿಲ್ಲಿಸಿ ಹಠ ಹಿಡಿಯುವುದು ಒಂದು ಬಗೆ. ಪಾಠ ಹೇಳುತ್ತಲೇ ಹಠ ಹಿಡಿಯುವುದು ಇನ್ನೊಂದು ಬಗೆ. ಎರಡನೆಯದಕ್ಕೆ ಎದೆಗಾರಿಕೆ ಹೆಚ್ಚು ಬೇಕು.

ಇತ್ತ ಜರ್ಮನಿಯಲ್ಲಿ ಹೈನ್ರಿಕ್ ಹರ್ಟ್ಸ್ 1887–88ರಲ್ಲಿ ವಿದ್ಯುತ್ಕಾಂತ ಅಲೆಗಳನ್ನು ಪ್ರಯೋಗದಿಂದ ಸಿದ್ಧಪಡಿಸಿ ತೋರಿಸಿದ್ದರು. ಅವು ಬೆಳಕಿನಂತೆಯೇ ಪ್ರತಿಫಲಿಸುತ್ತವೆ, ಬಾಗುತ್ತವೆ ಎಂಬುದು ಅವರ ಸಾಧನೆ. ಆದರೆ ಅವರ ಅಲೆಗಳು ಉದ್ದ. ಅತಿ ಕಿರಿದಾದುದೂ ಅರ್ಧ ಮೀಟರನ್ನು ಮೀರಿತ್ತು. ಅಂಥ ಅಲೆಯನ್ನು ಬಾಗಿಸಿ ತೋರಿಸಲು ಅವರು ಎರಕ ಹೊಯ್ಯಿಸಿದ ರಾಳದ ಪಟ್ಟಕದ ತೂಕ ಸುಮಾರು 600 ಕಿಲೋಗ್ರಾಂ! 1894ರ ಜನವರಿ 1ರಂದು ಹರ್ಟ್ಸ್ ತೀರಿಕೊಂಡರು. ಅವರಿಗಿನ್ನೂ ಮೂವತ್ತಾರು ವರ್ಷ. ಅದೇ ವರ್ಷದ ನವೆಂಬರ್ 30ರಂದು ಬೋಸರಿಗೆ ಮೂವತ್ತಾರು ತುಂಬಿತು. ಆ ಹುಟ್ಟುಹಬ್ಬದಂದೇ ಅವರು, ಉಳಿದ ಆಯುಸ್ಸನ್ನು ಹೊಸ ಜ್ಞಾನದ ಅನ್ವೇಷಣೆಗೆ ಮುಡಿಪಾಗಿಡುವೆನೆಂದು ಸಂಕಲ್ಪ ಮಾಡಿದರು.

ಕಾಲೇಜಿನಲ್ಲಿ ಸಂಶೋಧನಾಲಯವೆಂಬುದು ಇರಲಿಲ್ಲ. ದೊರೆತದ್ದು ಆ ಚಿಕ್ಕ ಕೋಣೆ. ಉಪಕರಣಗಳಿಗೆ ಹಣವಿರಲಿಲ್ಲ; ದೊರೆತವನು ಊರಿನ ಒಬ್ಬ ತಗಡಿನ ಕೆಲಸಗಾರ. ಕೋಣೆ ಕಿರಿದು, ಅಲೆ ಹಿರಿದಾದರೆ ಪ್ರಯೋಗ ನಡೆಯದು. ಹಾಗಾದರೆ ಅಲೆಯನ್ನೇ ಕಿರಿದುಮಾಡಬೇಕು. ವೀಣೆಯ ತಂತಿಯನ್ನು ಮೋಟುಮಾಡಿದರೆ ಸ್ವರ ಏರುವಂತೆ, ಕಿಡಿ ಹಾರಿಸುವ ಲೋಹದ ಗುಂಡು ಚಿಕ್ಕದಾದರೆ ಅಲೆಯೂ ಚಿಕ್ಕದಾಗುತ್ತದೆ. ಬೋಸರು ಪುಟ್ಟ ಗುಂಡುಗಳ ನಡುವೆ ಕಿಡಿ ಹಾರಿಸಿ 25 ಮಿಲಿಮೀಟರಿನಿಂದ 5 ಮಿಲಿಮೀಟರಿನವರೆಗಿನ ಅಲೆಗಳನ್ನು ಪಡೆದರು. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ 12ರಿಂದ 60 ಗಿಗಾಹರ್ಟ್ಸ್. ಭೂಮಿಯ ಮೇಲೆ ಅಂದಿನವರೆಗೆ ಯಾರೂ ಅಷ್ಟು ಕಿರಿಯ ರೇಡಿಯೋ ಅಲೆಯಿಂದ ಇಷ್ಟು ವಿಧದ ಕೆಲಸ ಮಾಡಿಸಿರಲಿಲ್ಲ.

ಆ ಕೆಲಸಕ್ಕೆ ಅವರು ಬಳಸಿದ ಸಾಮಗ್ರಿಗಳ ಪಟ್ಟಿಯನ್ನು ನೋಡಿದರೆ ಕಣ್ಣು ತೇವವಾಗುತ್ತದೆ. ಗಂಧಕದ ಪಟ್ಟಕ, ಗಂಧಕದ ಮಸೂರ. ಅಲೆಯನ್ನು ಸಾಗಿಸಲು ತಗಡಿನ ಕೊಳವೆ. ಹರಡಿದ ಅಲೆಯನ್ನು ಬಾಚಿಕೊಳ್ಳಲು ಲಾಳಿಕೆಯಂಥ ಬಾಯಿ. ಅಲೆಯ ಕಂಪನವನ್ನು ಒಂದೇ ದಿಕ್ಕಿಗೆ ಸೀಮಿತಗೊಳಿಸುವುದಕ್ಕೆ ಧ್ರುವೀಕರಣವೆಂದು ಹೆಸರು. ಅದಕ್ಕೆ ವಿಲಾಯಿತಿಯಲ್ಲಾದರೆ ಬೆಲೆಬಾಳುವ ಯಂತ್ರವನ್ನು ಮಾಡಿಸುತ್ತಿದ್ದರು. ಬೋಸರು ರೈಲ್ವೆ ವೇಳಾಪಟ್ಟಿಯ ಒಂದು ದಪ್ಪ ಪುಸ್ತಕವನ್ನು ಕೈಗೆತ್ತಿಕೊಂಡು ಹಾಳೆಹಾಳೆಗಳ ನಡುವೆ ತವರದ ತೆಳುತಗಡನ್ನು ಸೇರಿಸಿದರು, ಯಂತ್ರ ಸಿದ್ಧವಾಯಿತು. ಬಂಗಾಳದ ಸೆಣಬಿನ ಎಳೆಗಳನ್ನು ಬಲಕ್ಕೆ ಹೊಸೆದ ಕಂತೆಯೊಂದು, ಎಡಕ್ಕೆ ಹೊಸೆದ ಕಂತೆಯೊಂದು. ಒಂದು ಅಲೆಯ ಕಂಪನವನ್ನು ಇತ್ತ ತಿರುಗಿಸಿದರೆ ಇನ್ನೊಂದು ಅತ್ತ ತಿರುಗಿಸಿತು. ಸಕ್ಕರೆಯ ದ್ರಾವಣ ಬೆಳಕನ್ನು ತಿರುಗಿಸುವುದು ಹೇಗೆಂಬ ರಹಸ್ಯವನ್ನು ಸೆಣಬಿನ ಕಂತೆ ಬಿಡಿಸಿ ಹೇಳಿತು. ಹರ್ಟ್ಸ್ ಅವರ ಪಟ್ಟಕವನ್ನು ಹೊರಲು ಆಳುಗಳು ಬೇಕಾಗಿತ್ತು. ಬೋಸರ ಪ್ರಯೋಗಶಾಲೆಯೆಲ್ಲ ಒಂದು ಮೇಜಿನ ಮೇಲೆ ಕುಳಿತುಕೊಂಡಿತು.

1895ರಲ್ಲಿ ಕಲ್ಕತ್ತೆಯ ಪುರಭವನದಲ್ಲಿ, ತಂತಿಯ ಸಂಪರ್ಕವೇ ಇಲ್ಲದೆ, ದೂರದಲ್ಲಿದ್ದ ಗಂಟೆಯನ್ನು ಬಾರಿಸಿ ಸಿಡಿಮದ್ದನ್ನು ಸಿಡಿಸಿ ಅವರು ಸಭಿಕರನ್ನು ಬೆರಗುಗೊಳಿಸಿದರು. 1896ರಲ್ಲಿ ಲಂಡನ್ ವಿಶ್ವವಿದ್ಯಾಲಯ ಅವರಿಗೆ ಡಿ.ಎಸ್‌ಸಿ. ಪದವಿಯನ್ನಿತ್ತಿತು. 1897ರ ಜನವರಿ 29ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ, ಫ್ಯಾರಡೆಯವರು ಉಪನ್ಯಾಸ ಕೊಟ್ಟ ವೇದಿಕೆಯ ಮೇಲೆ, ಬೋಸರು ತಮ್ಮ ಉಪಕರಣಗಳನ್ನು ಹರಡಿ ವಿವರಿಸಿದರು. ಯಾವುದನ್ನೂ ಮುಚ್ಚಿಡಲಿಲ್ಲ.

ಇಲ್ಲಿ ಕಥೆ ಕವಲೊಡೆಯುತ್ತದೆ. ಅದೇ ವರ್ಷಗಳಲ್ಲಿ ಇಟಲಿಯ ಮಾರ್ಕೋನಿ ನಿಸ್ತಂತು ವಾರ್ತೆಯನ್ನು ಉದ್ಯಮವಾಗಿ ಬೆಳೆಸುತ್ತಿದ್ದರು. ಸಾಗರದಾಚೆಗೆ ಸುದ್ದಿ ಮುಟ್ಟಿಸುವುದು ಅವರ ಗುರಿ. ಅದಕ್ಕೆ ಆನೆಯಂಥ ಉದ್ದನೆಯ ಅಲೆಯೇ ಬೇಕು. ಲೋಕವೆಲ್ಲ ಆ ದಾರಿಯಲ್ಲಿ ನಡೆಯಿತು. 1901ರಲ್ಲಿ ಬೋಸರು ಮತ್ತೆ ಲಂಡನ್ನಿನಲ್ಲಿದ್ದಾಗ, ತಂತಿವಾರ್ತೆಯ ದೊಡ್ಡ ಸಂಸ್ಥೆಯೊಂದರ ಕೋಟ್ಯಧೀಶ ಮಾಲೀಕನು ಪೇಟೆಂಟಿನ ಕಾಗದವನ್ನು ಕೈಯಲ್ಲಿ ಹಿಡಿದೇ ಬಂದು, ಲಾಭದಲ್ಲಿ ಅರ್ಧ ಪಾಲಿನ ಆಸೆ ತೋರಿಸಿ, ಎಲ್ಲವನ್ನೂ ಸಭೆಯಲ್ಲಿ ಹೊರಗೆಡಹಬಾರದೆಂದು ಬೇಡಿಕೊಂಡನು. ಆ ಪ್ರಸಂಗವನ್ನು ಬೋಸರು ಗೆಳೆಯ ರವೀಂದ್ರನಾಥ ಠಾಕೂರರಿಗೆ ಕಾಗದದಲ್ಲಿ ತೋಡಿಕೊಂಡರು. ಆ ದೇಶದ ಧನದಾಹವನ್ನು ಕಂಡು ಅವರ ಮನಸ್ಸು ಹೇಸಿತ್ತು. ಆ ಗಾಣಕ್ಕೆ ಒಮ್ಮೆ ಸಿಕ್ಕಿಬಿದ್ದರೆ ಬಿಡುಗಡೆಯಿಲ್ಲವೆಂಬ ಅಂಜಿಕೆ ಅವರದು. ಗೆಳತಿ ಸಾರಾ ಬುಲ್ ಅವರ ಒತ್ತಾಯಕ್ಕೆ ಮಣಿದು ಅಮೆರಿಕದಲ್ಲಿ ಒಂದು ಅರ್ಜಿ ಹಾಕಿದ್ದುಂಟು. 1904ರ ಮಾರ್ಚ್ 29ರಂದು 755840ನೆಯ ಸಂಖ್ಯೆಯ ಪೇಟೆಂಟು ಕೈಸೇರಿತು. ಸೀಸದ ಅದಿರಾದ ಗ್ಯಾಲೀನದ ಹರಳಿನಿಂದ ಅಲೆಯನ್ನು ಗುರುತಿಸುವ ಸಾಧನವದು. ಬೋಸರು ಅದರಿಂದ ಹಣ ಗಳಿಸುವ ಪ್ರಯತ್ನವನ್ನೇ ಮಾಡಲಿಲ್ಲ. ಅದು ತಾನಾಗಿಯೇ ಕಾಲಾತೀತವಾಯಿತು. ಅಷ್ಟರಲ್ಲಿ ಅವರ ಮನಸ್ಸು ಸಸ್ಯಗಳ ಜೀವಸ್ಪಂದನದ ಕಡೆಗೆ ಹೊರಳಿತ್ತು.

ಇದು ಸರಿಯೇ, ತಪ್ಪೇ? ಬೋಸರನ್ನು ಕೊಂಡಾಡುವವರು ಈ ಪ್ರಶ್ನೆಯನ್ನು ದಾಟಿ ಹೋಗುವುದುಂಟು, ದಾಟಬಾರದು. ಅವರು ಪೇಟೆಂಟಿಗೆ ಒಪ್ಪಿದ್ದರೆ ಬಂದ ಹಣದಿಂದ ಭಾರತದಲ್ಲಿ ಒಂದು ದೊಡ್ಡ ಪ್ರಯೋಗಶಾಲೆ ಆಗಲೇ ತಲೆಯೆತ್ತುತ್ತಿತ್ತು ಎನ್ನುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಅವರ ಬಳಿಕ ಆ ಅಲೆಯ ಕೆಲಸವನ್ನು ಮುಂದುವರಿಸುವ ಶಿಷ್ಯಪರಂಪರೆ ಈ ನೆಲದಲ್ಲಿ ಬೇರೂರಲಿಲ್ಲವೆಂಬುದೂ ನಿಜ. ಅರ್ಧ ಶತಮಾನ ಆ ಹೊಲ ಬೀಳುಬಿದ್ದಿತು. ಆದರೆ ಇನ್ನೊಂದು ಮಗ್ಗುಲೂ ಉಂಟು. ಬಿಚ್ಚಿಟ್ಟ ವಿದ್ಯೆ ಯಾರ ಸೊತ್ತೂ ಅಲ್ಲದೆ ಎಲ್ಲರ ಸೊತ್ತಾಗಿ ಉಳಿಯಿತು. 1917ರ ನವೆಂಬರ್ 30ರಂದು ಕಲ್ಕತ್ತೆಯಲ್ಲಿ ವಸು ವಿಜ್ಞಾನ ಮಂದಿರವನ್ನು ತೆರೆದಾಗ, ಅಲ್ಲಿಯ ಶೋಧಗಳೆಲ್ಲ ಲೋಕಕ್ಕೆ ಸೇರಿದವು, ಅವಕ್ಕೆ ಪೇಟೆಂಟು ಪಡೆಯುವುದಿಲ್ಲವೆಂದು ಬೋಸರು ಸಾರಿದರು. ನಷ್ಟ ತಿಳಿಯದೆ ಆಡಿದ ಮಾತು ಅದಲ್ಲ. ಮೂರು ವರ್ಷ ಸಂಬಳ ಮುಟ್ಟದೆ ಕಳೆದವರಿಗೆ ಹಣದ ಬೆಲೆ ಚೆನ್ನಾಗಿಯೇ ಗೊತ್ತಿತ್ತು. ತನಗೆ ಸಲ್ಲಬೇಕಾದ ವೇತನವನ್ನು ಒಂದು ಕಾಸೂ ಬಿಡದೆ ಪಡೆದವರೂ ಅವರೇ, ವಿದ್ಯೆಯ ಬೆಲೆಯಾಗಿ ಬಂದ ಸಿರಿಯನ್ನು ಬಾಗಿಲಿನಿಂದಲೇ ಹಿಂದಿರುಗಿಸಿದವರೂ ಅವರೇ. ಒಂದು ನ್ಯಾಯದ ಮಾತು, ಇನ್ನೊಂದು ಧರ್ಮದ ಮಾತು. ಇವೆರಡನ್ನೂ ಬೇರ್ಪಡಿಸಿ ನೋಡಬಲ್ಲವನೇ ಆಚಾರ್ಯ.

ಈಗ ಅಲೆಯ ಪುನರ್ಜನ್ಮವನ್ನು ನೋಡೋಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಎಂಜಿನಿಯರುಗಳು 12.5 ಮಿಲಿಮೀಟರಿನ ರೇಡಾರನ್ನು ಕಟ್ಟಿದರು. ತೇವದ ಗಾಳಿಯಲ್ಲಿ ಅದರ ಅಲೆ ಬಹುದೂರ ಹೋಗಲಾರದೆ ಬಳಲಿತು. ನೀರಾವಿಯ ಕಣಗಳು ಹೆಚ್ಚು ಕಡಿಮೆ ಅದೇ ಶ್ರುತಿಗೆ ಮಿಡಿಯುವುದರಿಂದ ಅಲೆಯ ಶಕ್ತಿಯನ್ನು ಹೀರಿಕೊಳ್ಳುತ್ತಿದ್ದವು. ಎಂಜಿನಿಯರಿಗೆ ಅದು ಸೋಲು. ಆದರೆ ವಿಜ್ಞಾನಿ ಅದರಲ್ಲಿಯೇ ಒಂದು ಅಳತೆಗೋಲನ್ನು ಕಂಡನು. ಅಲೆಯನ್ನು ಎಷ್ಟು ಹೀರಿತೆಂದು ತಿಳಿದರೆ ಗಾಳಿಯಲ್ಲಿ ನೀರಾವಿ ಎಷ್ಟಿದೆಯೆಂದು ತಿಳಿಯಿತಲ್ಲವೇ!

ಆಮ್ಲಜನಕದ ಕಥೆ ಇನ್ನೂ ಸ್ವಾರಸ್ಯಕರ. 60 ಗಿಗಾಹರ್ಟ್ಸ್, ಎಂದರೆ ಬೋಸರ ಅತಿ ಕಿರಿಯ ಅಲೆಯಾದ 5 ಮಿಲಿಮೀಟರಿನ ಆಸುಪಾಸು, ಆಮ್ಲಜನಕ ಹಸಿದು ಕುಳಿತ ಜಾಗ. ಅಲ್ಲಿ ಒಂದು ಕಿಲೋಮೀಟರು ನಡೆಯುವಷ್ಟರಲ್ಲಿ ಅಲೆಯ ಶಕ್ತಿ ಮೂವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇಂಥ ದುರ್ಬಲನನ್ನು ಕಟ್ಟಿಕೊಂಡು ಮಾಡುವುದೇನು? ಒಂದು ಕೋಣೆಯೊಳಗೆ ಯಂತ್ರದಿಂದ ಯಂತ್ರಕ್ಕೆ ಅಪಾರ ಮಾಹಿತಿಯನ್ನು ದಾಟಿಸಲು ಇದು ಲೇಸು. ನೆರೆಮನೆಯವರಿಗೆ ಅದರ ಕಾಟ ತಟ್ಟದು, ಕದ್ದು ಕೇಳುವವನಿಗೆ ಅದು ಸಿಕ್ಕದು. ವಾಯುಮಂಡಲದ ಮೇಲೆ ಸುತ್ತುವ ಎರಡು ಉಪಗ್ರಹಗಳು ಈ ಅಲೆಯಲ್ಲಿ ಪಿಸುಗುಟ್ಟಿದರೆ ಕೆಳಗಿನ ನೆಲಕ್ಕೆ ಒಂದಕ್ಷರವೂ ಕೇಳಿಸದು. ನಡುವಿನ ಆಮ್ಲಜನಕವೇ ತೆರೆಯಾಗಿ ನಿಲ್ಲುತ್ತದೆ. ಇಷ್ಟಲ್ಲದೆ, ಹೀರುವ ಅನಿಲ ಸೂಸಲೂ ಬಲ್ಲದು. ವಾಯುಮಂಡಲದ ಆಮ್ಲಜನಕ ಸೂಸುವ ಕ್ಷೀಣವಾದ ಅಲೆಗಳನ್ನು 1978ರಿಂದ ಉಪಗ್ರಹಗಳು ಆಲಿಸುತ್ತ, ಯಾವ ಎತ್ತರದಲ್ಲಿ ತಾಪ ಎಷ್ಟೆಂಬುದನ್ನು ಹಗಲಿರುಳು ಅಳೆಯುತ್ತಿವೆ. ಮೋಡ ಮುಸುಕಿದರೂ ಈ ಕೆಲಸಕ್ಕೆ ಬಹುಮಟ್ಟಿಗೆ ಭಂಗವಿಲ್ಲ. ಹವಾಮಾನದ ಮುನ್ಸೂಚನೆಗೆ ಇದು ಒಂದು ಹಿರಿಯ ಆಧಾರ.

ಕಾಳಿದಾಸನ ಯಕ್ಷ ಮೇಘವನ್ನು ದೂತನನ್ನಾಗಿ ಕಳುಹಿಸಿದನು. ಆಧುನಿಕ ವಿಜ್ಞಾನಿ ಮೇಘದ ಬಳಿಗೇ ದೂತನನ್ನು ಕಳುಹಿಸಿದ್ದಾನೆ. 2011ರ ಅಕ್ಟೋಬರ್ 12ರಂದು ಶ್ರೀಹರಿಕೋಟೆಯಿಂದ ಭಾರತ ಮತ್ತು ಫ್ರಾನ್ಸ್ ದೇಶಗಳು ಕೂಡಿ ಹಾರಿಸಿದ ಉಪಗ್ರಹಕ್ಕೆ 'ಮೇಘಾ–ಟ್ರಾಪಿಕ್ಸ್' ಎಂದು ಹೆಸರು. ಸಂಸ್ಕೃತದ ಮೇಘಕ್ಕೂ ಫ್ರೆಂಚಿನ ಉಷ್ಣವಲಯಕ್ಕೂ ಸಮಾಸವಾಯಿತು! ಅದರಲ್ಲಿದ್ದ ಸಫೀರ್ ಎಂಬ ಉಪಕರಣ 183 ಗಿಗಾಹರ್ಟ್ಸಿನ ಸುತ್ತಣ ಆರು ಪಟ್ಟಿಗಳಲ್ಲಿ ಉಷ್ಣವಲಯದ ಗಾಳಿಯ ತೇವವನ್ನು ಎತ್ತರ ಎತ್ತರಕ್ಕೆ ಅಳೆಯಿತು. ಮುಂಗಾರನ್ನು ನೆಚ್ಚಿದ ರೈತನ ನಾಡಿಗೆ ಇದು ಕೇವಲ ಕುತೂಹಲದ ವಿದ್ಯೆಯಲ್ಲ. ಮೂರು ವರ್ಷಕ್ಕೆಂದು ಹೋದ ಉಪಗ್ರಹ ಹತ್ತು ವರ್ಷ ದುಡಿದು, 2023ರ ಮಾರ್ಚ್ 7ರಂದು ಬೆಂಗಳೂರಿನ ಇಸ್ರೋ ಕೇಂದ್ರದ ಆಣತಿಯಂತೆ ವಾಯುಮಂಡಲಕ್ಕೆ ಮರಳಿ ಭಸ್ಮವಾಯಿತು. ಅಮೆರಿಕದ ಕ್ಲೌಡ್‌ಸ್ಯಾಟ್ ಉಪಗ್ರಹ 2006ರಿಂದ 2023ರವರೆಗೆ 94 ಗಿಗಾಹರ್ಟ್ಸಿನ ರೇಡಾರಿನಿಂದ ಮೋಡಗಳನ್ನು ಪದರಪದರವಾಗಿ ಬಿಡಿಸಿ ನೋಡಿತು. ಸಾಮಾನ್ಯ ರೇಡಾರಿನ ಉದ್ದ ಅಲೆ ಮಳೆಹನಿಯನ್ನು ಕಾಣಬಲ್ಲದು. ಹನಿಯಾಗಿ ಬಲಿಯದ ಮೋಡದ ನುಣ್ಗಣವನ್ನು ಕಾಣಲು ಕಿರಿಯ ಅಲೆಯೇ ಆಗಬೇಕು. 2024ರ ಮೇ ತಿಂಗಳಲ್ಲಿ ಹಾರಿದ ಐರೋಪ್ಯ–ಜಪಾನಿ ಉಪಗ್ರಹ ಅರ್ತ್‌ಕೇರ್ ಕೂಡ ಅದೇ ಅಲೆಯ ರೇಡಾರನ್ನು ಹೊತ್ತಿದೆ.

ನೆಲದ ಮೇಲಿನ ಉಪಯೋಗಗಳು ಸರ್ವರಿಗೂ ಪರಿಚಿತವಾಗುತ್ತಿವೆ. ಕಾರಿನ ಮುಂಭಾಗದಲ್ಲಿ ಅಡಗಿರುವ 77 ಗಿಗಾಹರ್ಟ್ಸಿನ ಪುಟ್ಟ ರೇಡಾರು ಮಂಜಿನಲ್ಲಿಯೂ ಇರುಳಿನಲ್ಲಿಯೂ ಮುಂದಿನ ವಾಹನದ ದೂರವನ್ನೂ ವೇಗವನ್ನೂ ಅರಿತು ಚಾಲಕನನ್ನು ಎಚ್ಚರಿಸುತ್ತದೆ. ವಿಮಾನನಿಲ್ದಾಣಗಳ ತಪಾಸಣೆಯಲ್ಲಿ ಈ ಅಲೆ ಬಟ್ಟೆಯನ್ನು ದಾಟಿ, ಚರ್ಮಕ್ಕೆ ತಾಗಿ ಹಿಂದಿರುಗಿ, ಮರೆಮಾಡಿದ ಆಯುಧವನ್ನು ತೋರಿಸುತ್ತದೆ. ಕ್ಷಕಿರಣದಂತೆ ಅಣುವನ್ನು ಒಡೆಯುವ ಶಕ್ತಿ ಇದಕ್ಕಿಲ್ಲ. 2022ರಲ್ಲಿ ಭಾರತ ಸರ್ಕಾರ ಐದನೆಯ ತಲೆಮಾರಿನ ದೂರವಾಣಿಗಾಗಿ ತರಂಗಾಂತರಗಳನ್ನು ಹರಾಜು ಹಾಕಿದಾಗ 26 ಗಿಗಾಹರ್ಟ್ಸಿನ ಪಟ್ಟಿಯೂ ಅದರಲ್ಲಿತ್ತು. ವ್ಯವಹಾರದಲ್ಲಿ ಅದನ್ನೂ ಮಿಲಿಮೀಟರ್ ಅಲೆಯೆಂದೇ ಕರೆಯುತ್ತಾರೆ. ಅದರ ಉದ್ದ ಹನ್ನೊಂದೂವರೆ ಮಿಲಿಮೀಟರು. ಕಲ್ಕತ್ತೆಯ ಕೋಣೆಯಲ್ಲಿ ಬೋಸರು ಎಬ್ಬಿಸಿದ ಅಲೆಗಳ ಎಲ್ಲೆಯೊಳಗೇ ಅದು ಬರುತ್ತದೆ. ಅವರು ಬಿಟ್ಟಿಯಾಗಿ ಬಿಚ್ಚಿಟ್ಟದ್ದಕ್ಕೆ ಸರ್ಕಾರಗಳು ಬೆಲೆ ಕಟ್ಟುವ ಕಾಲ ಬಂದಿತು!

ಯಾವ ವಿದ್ಯೆಯೂ ಅಪಾಯದಿಂದ ದೂರವಲ್ಲ. ಜನರ ಗುಂಪಿನ ಮೇಲೆ 95 ಗಿಗಾಹರ್ಟ್ಸಿನ ಪ್ರಬಲ ಕಿರಣವನ್ನು ಹಾಯಿಸಿ ಚರ್ಮ ಉರಿಯುವಂತೆ ಮಾಡಿ ಓಡಿಸುವ ಯಂತ್ರವನ್ನು ಅಮೆರಿಕದ ಸೇನೆ ನಿರ್ಮಿಸಿತು. 2010ರಲ್ಲಿ ಅದನ್ನು ಆಫ್ಘಾನಿಸ್ತಾನಕ್ಕೆ ಒಯ್ದರು. ಬಳಸದೆ ಹಿಂದಕ್ಕೆ ತಂದರು. ಮೋಡವನ್ನು ಮೃದುವಾಗಿ ಸವರುವ ಅಲೆಯೇ ಮನುಷ್ಯನ ಮೈಯನ್ನು ಸುಡಲೂ ಬಲ್ಲದು. ಅಲೆಯಲ್ಲಿ ಪಾಪವಿಲ್ಲ, ಪುಣ್ಯವಿಲ್ಲ. ಅವು ಇರುವುದು ಅದನ್ನು ಹಿಡಿದ ಕೈಯಲ್ಲಿ.

ಇನ್ನು ಆಕಾಶದ ಮಾತು. ನಕ್ಷತ್ರಗಳು ಹುಟ್ಟುವ ಮೋಡಗಳು ಕಡುತಂಪಿನ ಕತ್ತಲೆಯ ಬಸಿರು. ಬೆಳಕು ಅಲ್ಲಿಂದ ಹೊರಬರಲಾರದು. 1970ರಲ್ಲಿ ಅಮೆರಿಕದ ಅರಿಜೋನಾದ ಕಿಟ್ ಪೀಕ್ ಬೆಟ್ಟದ ದೂರದರ್ಶಕದಿಂದ ವಿಲ್ಸನ್, ಜೆಫರ್ಟ್ಸ್, ಪೆಂಜಿಯಾಸ್ ಎಂಬ ಮೂವರು 2.6 ಮಿಲಿಮೀಟರಿನ ಒಂದು ಅಲೆಯನ್ನು, ಎಂದರೆ ಒಂದು ಯವದಷ್ಟು ಅಲೆಯನ್ನು, ಮಹಾವ್ಯಾಧ ನಕ್ಷತ್ರಪುಂಜದ ಕಡೆಯಿಂದ ಹಿಡಿದರು. ಅದು ಕಾರ್ಬನ್ ಮಾನಾಕ್ಸೈಡಿನ ಸಹಿ. ಅಂದಿನಿಂದ ಕತ್ತಲೆಯ ಮೋಡಗಳ ನಕ್ಷೆ ಬರೆಯುವುದು ಸಾಧ್ಯವಾಯಿತು. ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ಆವರಣದಲ್ಲಿಯೂ 1980ರ ದಶಕದಲ್ಲಿ ಇಂಥ ಅಲೆಗಳಿಗಾಗಿ 10.4 ಮೀಟರ್ ವ್ಯಾಸದ ದೂರದರ್ಶಕವೊಂದು ತಲೆಯೆತ್ತಿತು. ಕನ್ನಡ ನಾಡಿನ ನೆತ್ತಿಯ ಮೇಲಿನ ಗಗನದಿಂದ ಆ ಜವೆಗಾತ್ರದ ಅಲೆಗಳನ್ನು ಸಂಗ್ರಹಿಸಿತು. ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ, ನೀರಾವಿ ಅತ್ಯಲ್ಪವಾದ 5000 ಮೀಟರ್ ಎತ್ತರದಲ್ಲಿ, 66 ತಟ್ಟೆಗಳ ಅಲ್ಮಾ ವೀಕ್ಷಣಾಲಯ 2013ರಲ್ಲಿ ಉದ್ಘಾಟನೆಗೊಂಡಿತು. 2017ರಲ್ಲಿ ಅದೂ ಭೂಮಂಡಲದ ಇತರ ದೂರದರ್ಶಕಗಳೂ ಒಂದೇ ಕಣ್ಣಿನಂತೆ ಕೂಡಿ 1.3 ಮಿಲಿಮೀಟರಿನ ಅಲೆಯಲ್ಲಿ ನೋಡಿದವು. 2019ರ ಏಪ್ರಿಲ್ 10ರಂದು ಆ ಚಿತ್ರ ಹೊರಬಿದ್ದಿತು: ಐದೂವರೆ ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ, ಸೂರ್ಯನ ಸುಮಾರು 650 ಕೋಟಿಯಷ್ಟು ರಾಶಿಯ ಕಪ್ಪುಕುಳಿಯ ನೆರಳು, ಅದನ್ನು ಸುತ್ತಿದ ಬೆಂಕಿಯ ಬಳೆ.

ಬೋಸರು ಈ ಯಾವುದನ್ನೂ ಕಾಣಲಿಲ್ಲ. 1937ರ ನವೆಂಬರ್ 23ರಂದು ಗಿರಿಡಿಯಲ್ಲಿ ಅವರು ಕಣ್ಣು ಮುಚ್ಚಿದರು. ಆದರೆ ಸತ್ಯ ಹೂತಿಟ್ಟರೂ ಮೊಳೆಯುವ ಬೀಜ. ಅರೆವಾಹಕ ಹರಳನ್ನು ರೇಡಿಯೋ ಅಲೆಯ ಶೋಧಕ್ಕೆ ಮೊದಲು ಬಳಸಿದವರು ಬೋಸರೆಂದು ಟ್ರಾನ್ಸಿಸ್ಟರಿನ ಜನಕರಲ್ಲೊಬ್ಬರಾದ ಬ್ರಾಟೇನ್ 1955ರಲ್ಲಿ ಒಪ್ಪಿ ಬರೆದರು. 1997ರಲ್ಲಿ ಅಮೆರಿಕದ ರಾಷ್ಟ್ರೀಯ ರೇಡಿಯೋ ವೀಕ್ಷಣಾಲಯದ ಡ್ಯಾರೆಲ್ ಎಮರ್ಸನ್ ಎಂಬ ವಿಜ್ಞಾನಿ, ಬೋಸರು ನೂರು ವರ್ಷಗಳ ಹಿಂದೆ ಮಾಡಿದ ಪ್ರಯೋಗಗಳ ಮೇಲೆ ದೀರ್ಘ ಲೇಖನವನ್ನು ಪ್ರಕಟಿಸಿದರು. ಬೋಸರ 1897ರ ಲೇಖನದ ಕೆಲವು ತತ್ತ್ವಗಳನ್ನು ಕಿಟ್ ಪೀಕಿನ 12 ಮೀಟರ್ ದೂರದರ್ಶಕದ 1.3 ಮಿಲಿಮೀಟರ್ ಗ್ರಾಹಕದಲ್ಲಿ ಅಳವಡಿಸಿರುವುದಾಗಿ ಅದರಲ್ಲಿ ಅವರು ತಿಳಿಸಿದರು. ಕಾರ್ಬನ್ ಮಾನಾಕ್ಸೈಡಿನ ಅಲೆಯನ್ನು ಹಿಡಿದ ಬೆಟ್ಟವೇ ಅದು. 2012ರಲ್ಲಿ ವಿದ್ಯುತ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ, ಮಿಲಿಮೀಟರ್ ಅಲೆಗಳ ಮೊದಲ ಪ್ರಯೋಗದ ನೆಲೆಯೆಂದು ಕೋಲ್ಕತದ ಆ ಕಾಲೇಜಿನಲ್ಲಿ ಗೌರವಫಲಕವನ್ನು ನೆಟ್ಟಿತು. ಒಂದು ಕಾಲಕ್ಕೆ ಪೂರ್ಣ ವೇತನಕ್ಕೂ ಅರ್ಹನಲ್ಲವೆಂದು ಎಣಿಸಲಾದ ಅಧ್ಯಾಪಕನ ಹೆಸರು ಇಂದು ಅಲ್ಲಿ ಲೋಹದ ಮೇಲೆ ನಿಂತಿದೆ.

ಮಾವಿನ ಸಸಿ ನೆಡುವ ಮುದುಕ ಹಣ್ಣನ್ನು ತಾನು ತಿಂದೇನೆಂದು ನೆಡುವುದಿಲ್ಲ. ಶಾಲೆಯೆಂಬುದೂ ಅಂಥದೇ ತೋಟ. ಒಂದು ಕೋಣೆ ಕಟ್ಟಿಸಿಕೊಟ್ಟ ದಾನಿ, ಆ ಕೋಣೆಯಲ್ಲಿ ಅಕ್ಷರ ಹೇಳಿದ ಗುರು, ಅಲ್ಲಿಂದ ಲೋಕಕ್ಕೆ ಹೊರಟ ವಿದ್ಯಾರ್ಥಿ, ಈ ಮೂವರಲ್ಲಿ ಯಾರೂ ಫಲವನ್ನು ಒಂದೇ ವರ್ಷದ ಪರೀಕ್ಷೆಯ ಅಂಕೆಯಿಂದ ಅಳೆಯಬಾರದು. ಕೆಲವು ಫಲಗಳು ಮರುವರ್ಷವೇ ದೊರೆಯುತ್ತವೆ, ಕೆಲವಕ್ಕೆ ನೂರು ವರ್ಷ ಬೇಕು. ಪ್ರಯೋಗಶಾಲೆಯಲ್ಲಿ ಸಲಕರಣೆಯಿಲ್ಲವೆಂದು ಕೊರಗುವ ಶಿಕ್ಷಕನಿಗೆ ರೈಲ್ವೆ ವೇಳಾಪಟ್ಟಿಯೂ ಸೆಣಬಿನ ಕಂತೆಯೂ ಧೈರ್ಯ ಹೇಳಲಿ. ಆದರೆ ಅದನ್ನೇ ನೆವಮಾಡಿಕೊಂಡು ಸಲಕರಣೆ ಕೊಡುವ ಹೊಣೆಯಿಂದ ಸಮಾಜ ನುಣುಚಿಕೊಳ್ಳದಿರಲಿ. ಬೋಸರ ಬಳಿಕ ಆ ಹೊಲ ಬೀಳುಬಿದ್ದದ್ದು ಬೀಜದ ದೋಷದಿಂದಲ್ಲ. ಕೂಡಿ ಉಳುವ ಕೈಗಳು ಸಾಲದೆ ಹೋದುದರಿಂದ.

ಊರ ಶಾಲೆಯ ಬೆಂಚಿನ ಮೇಲೆ, ಯಾರದೋ ಬಲಕ್ಕೆ, ಯಾರದೋ ಎಡಕ್ಕೆ, ಕನ್ನಡದಲ್ಲಿ ಪಾಠ ಕೇಳುತ್ತ ಕುಳಿತ ಒಂದು ಮಗು ಇರಬಹುದು. ಅದರ ದನಿ ಮೆಲ್ಲನೆಯದು, ಎದುರಿಗೆ ಯಾರಾದರೂ ನಿಂತರೆ ಅಡಗಿಹೋಗುವಂಥದು. ಜವೆಯಷ್ಟು ಅಲೆಯ ಕಥೆಯನ್ನು ಬಲ್ಲ ಗುರು ಆ ಮಗುವನ್ನು ಕೆಲಸಕ್ಕೆ ಬಾರದುದೆಂದು ಕೈಬಿಡಲಾರನು.